ಒತ್ತಡದ ಮಾಪಕವೂ ಅಂಗೈಯಗಲದ ಗಣಕವೂ

ಕುಕ್ಕರಿನ ತೂಕದ ಕೆಳಗಿನಿಂದ ಆವಿಯು ಸಿಳ್ಳುಹಾಕುವುದನ್ನು ಕೇಳದ ಗೃಹಿಣಿಯಿಲ್ಲ. ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಾದೊಡನೆ ಆ ತೂಕವು ಮೇಲೆದ್ದು ಆವಿಗೆ ದಾರಿಯನ್ನು ಬಿಡುತ್ತದೆ. ಇದೂ ಒಂದು ವಿಧದ ಒತ್ತಡಮಾಪಕವೇ ಸರಿ. ಆದರೆ “ಸಾಕು” ಎಂಬ ಒಂದೇ ಮಾತನ್ನು ಅದು ಬಲ್ಲದು. ಕಾರ್ಖಾನೆಯ ಬಾಯ್ಲರಿಗೂ ನೀರಿನ ಕೊಳವೆಗಳಿಗೂ ಇಷ್ಟು ಸಾಲದು. ಒತ್ತಡವು ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಎಡೆಬಿಡದೆ ತಿಳಿಸತಕ್ಕ ಉಪಕರಣವು ಅಲ್ಲಿ ಬೇಕು. ಅಂಥ ಮಾಪಕವನ್ನು, ಇಂದು ವಿದ್ಯಾರ್ಥಿನಿಯರು ವಿಜ್ಞಾನ ಪ್ರದರ್ಶನಗಳಲ್ಲಿ ಉಪಯೋಗಿಸುವ ಆರ್ಡುಯಿನೋ ಎಂಬ ಪುಟ್ಟ ಗಣಕಕ್ಕೆ ಜೋಡಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸುವೆವು.

ಮೊದಲು ಮಾಪಕದ ವಿಷಯ. ಲೋಹದ ತಂತಿಯನ್ನು ಎಳೆದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯು ಬದಲಾಗುವುದೆಂದು ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಖ್ಯಾತರಾದ ವಿಲಿಯಂ ಥಾಮ್ಸನ್ನರು ೧೮೫೬ರಲ್ಲಿ ತೋರಿಸಿಕೊಟ್ಟರು. ಈ ತತ್ತ್ವವನ್ನನುಸರಿಸಿ ೧೯೩೮ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬಿಬ್ಬರು, ಒಬ್ಬರ ಕೆಲಸವನ್ನು ಮತ್ತೊಬ್ಬರು ಅರಿಯದೆಯೇ, ವಸ್ತುವಿನ ಮೈಗೆ ಅಂಟಿಸತಕ್ಕ ತಂತಿಯ ಮಾಪಕವನ್ನು ನಿರ್ಮಿಸಿದರು. ಇಂದಿನ ಅನೇಕ ಒತ್ತಡಮಾಪಕಗಳ ಒಳಗೆ ತೆಳುವಾದ ಒಂದು ಪೊರೆಯಿರುತ್ತದೆ. ದ್ರವವಾಗಲಿ ಅನಿಲವಾಗಲಿ ಅದನ್ನು ಒತ್ತಿದಾಗ ಪೊರೆಯು ಕಣ್ಣಿಗೆ ಕಾಣದಷ್ಟು ಬಾಗುತ್ತದೆ; ಅದರ ಮೇಲಿನ ಎಳೆಗಳ ತಡೆಯು ಬದಲಾಗುತ್ತದೆ; ಈ ಅಲ್ಪ ಬದಲಾವಣೆಯನ್ನು ಒಳಗಿನ ವಿದ್ಯುನ್ಮಂಡಲವು ಹಿಗ್ಗಿಸಿ ಹೊರಗೆ ಕಳುಹಿಸುತ್ತದೆ.

ಕಾರ್ಖಾನೆಯ ಮಾಪಕಗಳಲ್ಲಿ ಬಹುಮಟ್ಟಿನವು ಈ ಸುದ್ದಿಯನ್ನು ೪ ರಿಂದ ೨೦ ಮಿಲಿಆಂಪಿಯರ್‌ಗಳ ವಿದ್ಯುತ್ಪ್ರವಾಹದ ರೂಪದಲ್ಲಿ ಕಳುಹಿಸುತ್ತವೆ. ವೋಲ್ಟಿನ ರೂಪದಲ್ಲಿ ಕಳುಹಿಸಿದರೆ ದೂರದ ತಂತಿಯಲ್ಲಿ ಅದರ ಒಂದಂಶವು ಸೋರಿಹೋಗಬಹುದು. ಪ್ರವಾಹವಾದರೋ, ಒಂದೇ ಸುತ್ತಿನಲ್ಲಿ ಹರಿಯುವುದರಿಂದ, ಹೊರಟಷ್ಟೇ ತಲುಪುತ್ತದೆ. ಆದರೆ ಸೊನ್ನೆಯಿಂದ ಪ್ರಾರಂಭಿಸದೆ ನಾಲ್ಕರಿಂದ ಪ್ರಾರಂಭಿಸುವುದೇಕೆ? ಈ ಪ್ರಶ್ನೆಯ ಉತ್ತರದಲ್ಲಿಯೇ ಈ ಪದ್ಧತಿಯ ಸಾರವೆಲ್ಲ ಅಡಗಿದೆ. “ಒತ್ತಡವು ಸೊನ್ನೆ” ಎಂಬ ಸುದ್ದಿಯನ್ನು ಸೊನ್ನೆ ಪ್ರವಾಹದಿಂದಲೇ ತಿಳಿಸುವುದಾದರೆ, ತಂತಿಯು ಕಡಿದುಹೋದಾಗಲೂ ಅದೇ ಸುದ್ದಿಯು ಬಂದಂತಾಗುವುದು. ಬಾಯ್ಲರು ಬಿರಿಯುವ ಸ್ಥಿತಿಯಲ್ಲಿದ್ದರೂ ನೋಡುವವನು ಅಪಾಯವಿಲ್ಲವೆಂದು ನೆಮ್ಮದಿಯಿಂದಿರುವನು. ಮಾಪಕವು ನಾಲ್ಕು ಮಿಲಿಆಂಪಿಯರನ್ನು ಕಳುಹಿಸಿದರೆ “ನಾನು ಜೀವಂತವಾಗಿದ್ದೇನೆ, ಒತ್ತಡವಿಲ್ಲ” ಎಂದರ್ಥ. ಏನನ್ನೂ ಕಳುಹಿಸದಿದ್ದರೆ ಮಾಪಕವೋ ತಂತಿಯೋ ಕೆಟ್ಟಿದೆಯೆಂದರ್ಥ. ಎರಡೇ ತಂತಿಗಳುಳ್ಳ ಮಾಪಕವು ತನ್ನ ಕೆಲಸಕ್ಕೆ ಬೇಕಾದ ಶಕ್ತಿಯನ್ನೂ ಆ ನಾಲ್ಕರಿಂದಲೇ ಪಡೆಯುತ್ತದೆ.

ಇನ್ನು ಗಣಕದ ವಿಷಯ. ಆರ್ಡುಯಿನೋ ೨೦೦೫ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದ ಒಂದು ವಿನ್ಯಾಸ ವಿದ್ಯಾಲಯದಲ್ಲಿ, ವಿದ್ಯುನ್ಮಾನದ ಶಿಕ್ಷಣವಿಲ್ಲದ ವಿದ್ಯಾರ್ಥಿಗಳಿಗೂ ಸುಲಭವಾಗಲೆಂದು ಹುಟ್ಟಿದುದು. ೨೦೧೦ರಲ್ಲಿ ಹೊರಬಂದ ಊನೋ ಎಂಬ ಬೋರ್ಡು ತನ್ನ ಅಳೆಯುವ ಕಾಲಿಗೆ ಬಂದ ಸೊನ್ನೆಯಿಂದ ಐದು ವೋಲ್ಟುಗಳನ್ನು ೧೦೨೪ ಮೆಟ್ಟಲುಗಳಾಗಿ ವಿಭಾಗಿಸಿ ಒಂದು ಅಂಕೆಯನ್ನು ಕೊಡುತ್ತದೆ. ಪ್ರವಾಹವನ್ನು ಅಳೆಯಲು ಅದಕ್ಕೆ ಬಾರದು. ಮಾಪಕಕ್ಕಾದರೋ ಸಾಮಾನ್ಯವಾಗಿ ೨೪ ವೋಲ್ಟುಗಳ ಸರಬರಾಯಿ ಬೇಕು; ಅಷ್ಟು ವೋಲ್ಟು ನೇರವಾಗಿ ತಗಲಿದರೆ ಬೋರ್ಡಿನ ಚಿಪ್ಪು ಸುಟ್ಟುಹೋಗುವುದು.

ಈ ಇಬ್ಬರ ನಡುವೆ ದುಭಾಷಿಯಾಗಿ ನಿಲ್ಲುವುದು ಅಲ್ಪ ಬೆಲೆಯ ಒಂದು ನಿರೋಧಕ. ಪ್ರವಾಹವನ್ನು ತಡೆಯಿಂದ ಗುಣಿಸಿದರೆ ವೋಲ್ಟು ದೊರೆಯುವುದೆಂಬ ಓಮನ ನಿಯಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ೨೪ ವೋಲ್ಟಿನ ಧನಧ್ರುವವನ್ನು ಮಾಪಕದ ಧನಕ್ಕೂ, ಮಾಪಕದ ಋಣವನ್ನು ೨೨೦ ಓಮಿನ ನಿರೋಧಕದ ಒಂದು ತುದಿಗೂ, ನಿರೋಧಕದ ಮತ್ತೊಂದು ತುದಿಯನ್ನು ಸರಬರಾಯಿಯ ಋಣಕ್ಕೂ ಕಟ್ಟಬೇಕು. ಈ ಋಣವೂ ಬೋರ್ಡಿನ ‘ಗ್ರೌಂಡ್’ ಕೂಡ ಒಂದಾಗಿರತಕ್ಕದ್ದು. ಮಾಪಕವೂ ನಿರೋಧಕವೂ ಸೇರುವ ಸ್ಥಳದಿಂದ ಬೋರ್ಡಿನ ಅಳೆಯುವ ಕಾಲಿಗೆ ತಂತಿಯನ್ನು ಒಯ್ಯಬೇಕು. ಆಗ ೪ ಮಿಲಿಆಂಪಿಯರಿಗೆ ೦.೮೮ ವೋಲ್ಟೂ, ೨೦ಕ್ಕೆ ೪.೪ ವೋಲ್ಟೂ ದೊರೆಯುತ್ತವೆ. ಅನೇಕರು ೨೫೦ ಓಮನ್ನು ಹಾಕಿ ಸರಿಯಾಗಿ ೧ ರಿಂದ ೫ ವೋಲ್ಟನ್ನು ಪಡೆಯುವುದುಂಟು. ಆದರೆ ಕೆಟ್ಟ ಮಾಪಕವು ೨೨ ಮಿಲಿಆಂಪಿಯರನ್ನು ಕಳುಹಿಸಿದರೆ ಅದು ೫.೫ ವೋಲ್ಟಾಗಿ ಮಿತಿಯ ಅಂಚನ್ನು ಮುಟ್ಟುವುದು. ೨೨೦ ಓಮಿನಲ್ಲಿ ಅದೇ ಪ್ರವಾಹವು ೪.೮೪ ವೋಲ್ಟಿಗೇ ನಿಲ್ಲುತ್ತದೆ. ಇದಲ್ಲದೆ ಅಳೆಯುವ ಕಾಲಿಗೆ ಹೋಗುವ ತಂತಿಯಲ್ಲಿ ಹತ್ತು ಸಾವಿರ ಓಮಿನ ಮತ್ತೊಂದು ನಿರೋಧಕವನ್ನಿಟ್ಟರೆ, ಕೈತಪ್ಪಿ ೨೪ ವೋಲ್ಟು ತಗಲಿದರೂ ಒಳನುಗ್ಗುವ ಪ್ರವಾಹವು ಎರಡು ಮಿಲಿಆಂಪಿಯರನ್ನು ಮೀರದು.

ಮಾಪಕವು ಸೊನ್ನೆಯಿಂದ ೧೦ ಬಾರ್‌ನದಾದರೆ ಒತ್ತಡವಿಲ್ಲದಾಗ ಬೋರ್ಡು ಸುಮಾರು ೧೮೦ ಎಂಬ ಅಂಕೆಯನ್ನೂ, ಪೂರ್ಣ ಒತ್ತಡದಲ್ಲಿ ಸುಮಾರು ೯೦೧ನ್ನೂ ಕೊಡುವುದು. ಬಂದ ಅಂಕೆಯಿಂದ ೧೮೦ನ್ನು ಕಳೆದು, ೭೨೧ರಿಂದ ಭಾಗಿಸಿ, ಹತ್ತರಿಂದ ಗುಣಿಸಿದರೆ ಬಾರ್‌ಗಳು ಸಿಕ್ಕುತ್ತವೆ. ಬೋರ್ಡಿನ ಐದು ವೋಲ್ಟು ನಿಜವಾಗಿಯೂ ಐದೇ ಎಂಬುದನ್ನು ಮಲ್ಟಿಮೀಟರಿನಿಂದ ನೋಡಿಕೊಳ್ಳುವುದು ಅವಶ್ಯ, ಅದು ೪.೮ ಆಗಿದ್ದರೆ ಅಂಕೆಗಳೆಲ್ಲ ನೂರಕ್ಕೆ ನಾಲ್ಕರಂತೆ ಏರಿಹೋಗುವುವು.

ಲೆಕ್ಕವು ಸರಿಯೇ ಎಂದು ಪರೀಕ್ಷಿಸಲು ಮನೆಯ ನೀರಿನ ತೊಟ್ಟಿಯೇ ಸಾಕು. ನೀರಿನ ಮಟ್ಟವು ಮಾಪಕಕ್ಕಿಂತ ಹತ್ತು ಮೀಟರು ಎತ್ತರದಲ್ಲಿದ್ದು ಕೆಳಗಿನ ನಲ್ಲಿಗಳೆಲ್ಲ ಮುಚ್ಚಿದ್ದರೆ ಒತ್ತಡವು ೦.೯೮ ಬಾರ್ ಆಗುವುದು. ಬೋರ್ಡಿನಲ್ಲಿ ಸುಮಾರು ೨೫೧ ಎಂಬ ಅಂಕೆಯು ಕಾಣಬೇಕು. ಆವಿಯಿಂದಾಗಲಿ ಮುಚ್ಚಿದ ಪಾತ್ರೆಯ ಗಾಳಿಯಿಂದಾಗಲಿ ಮಕ್ಕಳು ಈ ಪರೀಕ್ಷೆಯನ್ನು ನಡೆಸದಂತೆ ತಾಯಿತಂದೆಗಳು ನೋಡಿಕೊಳ್ಳಬೇಕು.

ಕಡೆಯದಾಗಿ, ಬೋರ್ಡಿಗೆ ಬರೆದುಕೊಡುವ ಆಜ್ಞೆಗಳಲ್ಲಿ ಒಂದನ್ನು ಬಿಡಲೇ ಕೂಡದು. ಪ್ರವಾಹವು ೩.೬ ಮಿಲಿಆಂಪಿಯರಿಗಿಂತ ಕೆಳಗಿಳಿದರೆ ಅಥವಾ ೨೧ಕ್ಕಿಂತ ಮೇಲೇರಿದರೆ ಅದನ್ನು ದೋಷವೆಂದು ಎಣಿಸುವುದು ಕಾರ್ಖಾನೆಗಳಲ್ಲಿ ರೂಢಿ. ನಮ್ಮ ಲೆಕ್ಕದಲ್ಲಿ ಇವು ೧೬೨ ಮತ್ತು ೯೪೬ ಎಂಬ ಅಂಕೆಗಳು. ಈ ಎಲ್ಲೆಗಳ ಹೊರಗೆ ಹೋದಾಗ ಬೋರ್ಡು ಒತ್ತಡವನ್ನು ತೋರಿಸದೆ “ಮಾಪಕವು ಕೆಟ್ಟಿದೆ” ಎಂದು ತಿಳಿಸಬೇಕು. ಇದನ್ನು ಬಿಟ್ಟವರು ನಾಲ್ಕು ಮಿಲಿಆಂಪಿಯರಿನ ಉಪಕಾರವನ್ನೆಲ್ಲ ವ್ಯರ್ಥಮಾಡಿದಂತಾಯಿತು. ಒತ್ತಡವಿಲ್ಲವೆಂಬ ಸುದ್ದಿ ಬೇರೆ, ಸುದ್ದಿಯೇ ಇಲ್ಲದಿರುವುದು ಬೇರೆ. ಈ ಭೇದವನ್ನು ಯಂತ್ರಕ್ಕೆ ಕಲಿಸಿದ ಬಾಲಿಕೆಯೇ ಆ ವಿದ್ಯೆಯನ್ನು ನಿಜವಾಗಿ ಕಲಿತವಳು.