‘ಪ್ರೊಫಿಲ್ಯಾಕ್ಟಿಕ್’ ಸ್ಪ್ರೇ ಅಂದ್ರೆ ಏನು? ಪದದಲ್ಲೇ ಇದೆ ಉತ್ತರ

ಅಡಿಕೆ ಕೊಳೆರೋಗಕ್ಕೆ ಏನು ಮಾಡಬೇಕು ಅಂತ ಯಾರನ್ನೇ ಕೇಳಿ, ‘ಪ್ರೊಫಿಲ್ಯಾಕ್ಟಿಕ್ ಸ್ಪ್ರೇ ಕೊಡಿ’ ಅಂತಾರೆ. ಕಾಲೇಜಿನಲ್ಲಿ ನಾನೂ ಈ ಪದವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ತೋಟಕ್ಕೆ ಬಂದ ಮೊದಲ ಮಳೆಗಾಲದಲ್ಲಿ. ರೋಗ ಕಂಡ ಮೇಲೆ ಹೊಡೆದರಾಯ್ತು ಅಂತ ಕಾದೆ. ಜುಲೈ ಹೊತ್ತಿಗೆ ಮರದ ಬುಡದ ತುಂಬ ಕೊಳೆತ ಹಸಿಕಾಯಿ. ಆಮೇಲೆ ಮದ್ದು ಹೊಡೆದರೂ ಉದುರುವುದು ನಿಲ್ಲಲಿಲ್ಲ.

ಈ ಪದ ಬಂದಿದ್ದು ಗ್ರೀಕ್ ಭಾಷೆಯಿಂದ. ‘ಪ್ರೊ’ ಅಂದ್ರೆ ಮುಂದೆ, ಮೊದಲು. ‘ಫಿಲಾಕ್ಸ್’ ಅಂದ್ರೆ ಕಾವಲುಗಾರ. ಶತ್ರು ಬರುವ ಮೊದಲೇ ಮುಂದೆ ನಿಂತು ಕಾಯುವುದು. ಕಾವಲಿನ ಈ ಮಾತನ್ನೇ ವೈದ್ಯರು ರೋಗ ತಡೆಗೆ ಬಳಸಿದರು. ಮಲೇರಿಯಾ ಇರುವ ಊರಿಗೆ ಹೋಗುವವರು ಜ್ವರ ಬರುವ ಮೊದಲೇ ಮಾತ್ರೆ ತೆಗೆದುಕೊಳ್ಳುವುದು ಪ್ರೊಫಿಲ್ಯಾಕ್ಸಿಸ್. ಬಂದ ಜ್ವರಕ್ಕೆ ಕೊಡುವುದು ಚಿಕಿತ್ಸೆ. ಎರಡೂ ಬೇರೆ.

ಬೋರ್ಡೋ ದ್ರಾವಣ ಕಾವಲುಗಾರನೇ ಹೊರತು ವೈದ್ಯನಲ್ಲ. ಕಾಯಿಯ ಮೇಲೆ ತಾಮ್ರದ ಪದರ ಕೂರುತ್ತದೆ. ಮಳೆಹನಿಯ ಜೊತೆ ಬಂದ ರೋಗಾಣು ಒಳಹೊಕ್ಕುವ ಮೊದಲೇ ಅಲ್ಲಿ ಸಾಯುತ್ತದೆ. ಒಳಗೆ ಹೊಕ್ಕಿದ್ದನ್ನು ತಾಮ್ರ ಮುಟ್ಟಲಾರದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋವನ್ನು ಅಡಿಕೆ ತೋಟಕ್ಕೆ ತಂದರು. ಅದಕ್ಕೂ ಮೊದಲು ನಮ್ಮ ಹಿರಿಯರು ಮಳೆ ಹಿಡಿಯುವ ಮುಂಚೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಅದೂ ಮುಂಗಾವಲೇ.

ಹಾಗಾಗಿ ಇಷ್ಟು ನೆನಪಿಡಿ:

• ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು. ಎರಡನೆಯದು 40–45 ದಿನಕ್ಕೆ, ಮಳೆ ಬಿಡುವು ಕೊಟ್ಟಾಗ.

• ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಆಮೇಲೆ ಬೆರೆಸಿ. ಅವತ್ತೇ ಬಳಸಿ.

• ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ.

• ಗೊನೆ ಪೂರ್ತಿ ನೆನೆಯಬೇಕು. ಪದರ ಇಲ್ಲದ ಕಾಯಿಗೆ ಕಾವಲಿಲ್ಲ.

• ಕೊಳೆತು ಬಿದ್ದ ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕಿ ನಾಶಮಾಡಿ.

• ಸಾವಯವ ಪ್ರಮಾಣಪತ್ರ ಇದ್ದರೆ ತಾಮ್ರ ಬಳಸುವ ಮೊದಲು ನಿಮ್ಮ ಸಂಸ್ಥೆಯನ್ನು ಕೇಳಿ. ಅದು ನಿರ್ಬಂಧಿತ ಪಟ್ಟಿಯಲ್ಲಿದೆ, ಮಣ್ಣಿನಲ್ಲೂ ಉಳಿಯುತ್ತದೆ.

ನಾನೀಗ ಮೇ ಮೊದಲ ವಾರವೇ ಕೊನೆಗಾರರಿಗೆ ಫೋನ್ ಮಾಡಿ ದಿನ ಗೊತ್ತು ಮಾಡುತ್ತೇನೆ. ಮಳೆ ಶುರುವಾದ ಮೇಲೆ ಅವರೂ ಸಿಗಲ್ಲ, ಕಾಯಿಯೂ ಉಳಿಯಲ್ಲ.