ಮೊದಲು ಕರೆಂಟು, ಆಮೇಲೆ ಪರದೆ

"ಎಷ್ಟ್ ಇಂಚಿಂದ್ ತಕಣ್ಕ್ ಅಣ್ಣ?"

ಕ್ಯಾಮೆರಾಕ್ಕೆ ಹೊರಗಿನಿಂದ ಜೋಡಿಸುವ ಮಾನಿಟರ್ ಕೊಳ್ಳಲು ಹೊರಟ ಹುಡುಗರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ. ನಾನು ತಿರುಗಿ ಕೇಳುವುದೂ ಒಂದೇ: "ಕರೆಂಟ್ ಎಲ್ಲಿಂದ ಕೊಡುದ್ ಮಾರಾಯಾ?"

ಮದುವೆ ಹಾಲ್ ಆದರೆ ಗೋಡೆಯಲ್ಲಿ ಪ್ಲಗ್ ಇರುತ್ತದೆ. ಕುಂದಾಪುರ ಸೀಮೆಯ ಹರಕೆಯ ಯಕ್ಷಗಾನ ಆಟಗಳು ನಡೆಯುವುದು ಕೊಯ್ಲು ಮುಗಿದ ಗದ್ದೆಯಲ್ಲಿ. ಜನರೇಟರ್ ಇದ್ದರೂ ಅದು ರಂಗಸ್ಥಳದ ದೀಪಕ್ಕೆ, ಮೈಕಿಗೆ. ಅಲ್ಲಿಂದ ನನ್ನ ಟ್ರೈಪಾಡ್ ತನಕ ವೈರ್ ಎಳೆದರೆ ಚರುಮುರಿ ಪೊಟ್ಟಣ ಹಿಡಿದು ಓಡಾಡುವ ಮಕ್ಕಳು ಎಡವದೆ ಇರುವುದಿಲ್ಲ. ಹಾಗಾಗಿ ರಾತ್ರಿ ಒಂಬತ್ತೂವರೆಗೆ ಶುರುವಾದ ಆಟ ಬೆಳಗಾಗಿ ಮುಗಿಯುವವರೆಗೆ ನನ್ನ ಸಾಮಾನು ಬ್ಯಾಟರಿಯಲ್ಲೇ ಬದುಕಬೇಕು.

ನನಗೆ ಮಾನಿಟರ್ ಬೇಕೆನಿಸಿದ್ದು ಚಾಳೀಸು ಬಂದ ಮೇಲೆ. ಕ್ಯಾಮ್‌ಕಾರ್ಡರ್‌ನ ಮಗ್ಗುಲಿಗೆ ತೆರೆದುಕೊಳ್ಳುವ ಪರದೆ ಮೂರು, ಮೂರೂವರೆ ಇಂಚು. ಜನರ ಹಿಂದೆ ನಿಂತು ಉದ್ದಕ್ಕೆ ಜೂಮ್ ಎಳೆದಾಗ ಫೋಕಸ್ ನಿಲ್ಲುವ ಜಾಗ ತೀರಾ ಕಿರಿದಾಗುತ್ತದೆ. ಬಣ್ಣದ ವೇಷದ ಚುಟ್ಟಿ ಸ್ಪಷ್ಟವಾಗಿದ್ದರೆ ಹಿಂದೆ ಕೂತ ಭಾಗವತರು ಮಸುಕು. ಸಣ್ಣ ಪರದೆಯಲ್ಲಿ ಇಬ್ಬರೂ ಚೆನ್ನಾಗಿಯೇ ಕಾಣುತ್ತಾರೆ, ಮನೆಗೆ ಬಂದು ಟಿವಿಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ. ಆಟೋಫೋಕಸ್ ನಂಬುವಂತಿಲ್ಲ, ಮುಂದಿನ ಸಾಲಿನಲ್ಲಿ ಯಾರಾದರೂ ಎದ್ದು ನಿಂತರೆ ಅದು ಅವರ ತಲೆಗೆ ಹೋಗಿ ಕೂರುತ್ತದೆ. ಐದು ಇಂಚಿನ ಸಾಧಾರಣ ಮಾನಿಟರ್‌ನಲ್ಲಿ ಪೀಕಿಂಗ್ ಎಂಬ ಸೌಲಭ್ಯವಿರುತ್ತದೆ. ಫೋಕಸ್ ಆದ ಅಂಚುಗಳ ಮೇಲೆ ಅದು ಕೆಂಪೋ ಹಸಿರೋ ಗೆರೆ ಮೂಡಿಸುತ್ತದೆ. ಯಕ್ಷಗಾನಕ್ಕೆ ಹಸಿರು ಗೆರೆಯನ್ನೇ ಇಟ್ಟುಕೊಳ್ಳಿ, ವೇಷದ ಕೆಂಪಿನಲ್ಲಿ ಕೆಂಪು ಗೆರೆ ಕಳೆದುಹೋಗುತ್ತದೆ.

ಈಗ ಕರೆಂಟಿನ ಮಾತು. ಎಚ್‌ಡಿಎಂಐ ವೈರ್‌ನಲ್ಲಿ ಚಿತ್ರದ ಜೊತೆಗೆ ವಿದ್ಯುತ್ತೂ ಹೋಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹೋಗುತ್ತದೆ ನಿಜ, ಆದರೆ ಆ ವೈರ್ ಕೊಡಲೇಬೇಕೆಂದು ನಿಯಮವಿರುವುದು 5 ವೋಲ್ಟ್‌ನಲ್ಲಿ 55 ಮಿಲಿಆಂಪಿಯರ್ ಮಾತ್ರ, ಕಾಲು ವಾಟ್‌ಗಿಂತ ಚೂರು ಹೆಚ್ಚು. ಮಾನಿಟರ್‌ಗೆ ಸಾಮಾನ್ಯವಾಗಿ ಆರರಿಂದ ಹತ್ತು ವಾಟ್ ಬೇಕು. ಅದಕ್ಕೆ ಬೇರೆಯೇ ದಾರಿ ನೋಡಬೇಕು.

ಅಗ್ಗದ, ತಲೆನೋವಿಲ್ಲದ ದಾರಿಯೆಂದರೆ ಸೋನಿಯ ಎನ್‌ಪಿ-ಎಫ್ ಜಾತಿಯ ಬ್ಯಾಟರಿ. ಮೂಲದಲ್ಲಿ ಕ್ಯಾಮ್‌ಕಾರ್ಡರ್‌ಗೆಂದು ಬಂದದ್ದು, ಈಗ ಎಲ್‌ಇಡಿ ಲೈಟು, ಮಾನಿಟರ್ ಎಲ್ಲದರ ಬೆನ್ನಿಗೂ ಅದೇ ಕೂರುತ್ತದೆ. ನಮ್ಮ ಕಡೆಯ ಮದುವೆಗಳಲ್ಲಿ ಕಾಣುವ ಸೋನಿ ಎಂಸಿ 2500 ಕ್ಯಾಮೆರಾಕ್ಕೂ ಇದೇ ಬ್ಯಾಟರಿ. ಕ್ಯಾಮೆರಾಕ್ಕೂ ಮಾನಿಟರ್‌ಗೂ ಒಂದೇ ಬ್ಯಾಟರಿ, ಒಂದೇ ಚಾರ್ಜರ್ ಆದರೆ ಚೀಲದ ಭಾರ ಎಷ್ಟು ಇಳಿಯುತ್ತದೆ ಎಂಬುದು ಹೊತ್ತವರಿಗೇ ಗೊತ್ತು. ಒಳಗಿರುವುದು ಟಾರ್ಚ್‌ಗೆ ಹಾಕುವಂಥ ದುಂಡನೆಯ ಲಿಥಿಯಂ ಸೆಲ್‌ಗಳು: 550 ಎಂಬ ಮಾದರಿಯಲ್ಲಿ ಎರಡು, 750ರಲ್ಲಿ ನಾಲ್ಕು, 970ರಲ್ಲಿ ಆರು. ವೋಲ್ಟೇಜ್ ಎಲ್ಲದರಲ್ಲೂ ಒಂದೇ, ಸುಮಾರು 7.4. ಪೂರ್ತಿ ಚಾರ್ಜ್ ಆದಾಗ 8.4.

ಲೆಕ್ಕ ಸುಲಭ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವಾಟ್-ಅವರ್. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಹೇಳಿದ ಹಾಗೆ. 6,600 ಮಿಲಿಆಂಪಿಯರ್-ಅವರ್‌ನ 970ರಲ್ಲಿ 7.4 ಗುಣಿಸು 6.6, ಅಂದರೆ ಸುಮಾರು 49 ವಾಟ್-ಅವರ್. ಎಂಟು ವಾಟ್ ತಿನ್ನುವ ಮಾನಿಟರ್ ಕಾಗದದ ಮೇಲೆ ಆರು ಗಂಟೆ ಓಡಬೇಕು, ಗದ್ದೆಯಲ್ಲಿ ಐದು ಎಂದಿಟ್ಟುಕೊಳ್ಳಿ. ಕಾಲಮಿತಿಯ ಆಟಕ್ಕೆ ಒಂದು ಸಾಕು, ಬೆಳಗಿನವರೆಗಿನ ಆಟಕ್ಕೆ ಎರಡು.

ಇಲ್ಲಿಯೇ ಮೋಸವೂ ಇದೆ. ಅಗ್ಗದ ಬ್ಯಾಟರಿಯ ಮೈಮೇಲೆ ಎಷ್ಟು ದೊಡ್ಡ ಅಂಕಿ ಬೇಕಾದರೂ ಅಚ್ಚು ಹಾಕಬಹುದು. ನಾನು ಅದನ್ನು ಪಕ್ಕದ ಜಿನಸಿನ ಅಂಗಡಿಯ ತಕ್ಕಡಿಗೆ ಹಾಕುತ್ತೇನೆ. ಒಂದು ಸೆಲ್ ಸುಮಾರು 45 ಗ್ರಾಂ. ಆರು ಸೆಲ್‌ಗೆ 270, ಮೇಲೆ ಪ್ಲಾಸ್ಟಿಕ್ ಗೂಡಿನ ತೂಕ. 970 ಎಂದು ಬರೆದದ್ದು ಇನ್ನೂರು ಗ್ರಾಂ ತೂಗಿದರೆ ವಾಪಸ್ ಕೊಟ್ಟುಬಿಡಿ.

ಪವರ್‌ಬ್ಯಾಂಕ್ ಆದೀತೇ? ಆದೀತು. 20,000 ಎಂದು ಬರೆದಿರುವುದು ಒಳಗಿನ 3.7 ವೋಲ್ಟ್‌ನ ಲೆಕ್ಕ, ಹಾಗಾಗಿ 74 ವಾಟ್-ಅವರ್. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಸೋರಿಹೋಗುತ್ತದೆ. ಆದರೂ 970ನ್ನು ಮೀರಿಸುತ್ತದೆ. ಬರೀ 5 ವೋಲ್ಟ್ ಸಾಲದು. ಟೈಪ್-ಸಿ ಪಿಡಿ ಇರುವ ಪವರ್‌ಬ್ಯಾಂಕ್‌ನಿಂದ 9 ವೋಲ್ಟ್ ಕೇಳಿ ಪಡೆಯುವ ಟ್ರಿಗರ್ ಕೇಬಲ್ ಸಿಗುತ್ತದೆ. ಹೆಚ್ಚಿನ ಕ್ಯಾಮೆರಾ ಮಾನಿಟರ್‌ಗಳು 7ರಿಂದ ಮೇಲಕ್ಕೆ ಒಪ್ಪಿಕೊಳ್ಳುವುದರಿಂದ 9 ಕ್ಷೇಮ. ಬಟನ್ ಒತ್ತಿ ವೋಲ್ಟ್ ಬದಲಿಸುವ ಕೇಬಲ್ ಮಾತ್ರ ಬೇಡ. ಕತ್ತಲಲ್ಲಿ ಬೆರಳು ತಾಗಿ 20ಕ್ಕೆ ಹೋದರೆ, 12 ಮಾತ್ರ ತಾಳುವ ಮಾನಿಟರ್ ಅಲ್ಲಿಗೆ ಮುಗಿಯಿತು.

ಇದಕ್ಕಿಂತಲೂ ಅಗ್ಗದ್ದು ಕಾರಿನ ರಿವರ್ಸ್ ಕ್ಯಾಮೆರಾದ ಏಳು ಇಂಚಿನ ಪರದೆ. ಎಚ್‌ಡಿಎಂಐ ಇಲ್ಲದ, ಹಳದಿ ತುದಿಯ ಎವಿ ವೈರ್ ಮಾತ್ರ ಇರುವ ಹಳೇ ಟೇಪ್ ಕ್ಯಾಮೆರಾ ಇಟ್ಟುಕೊಂಡವರಿಗೆ ಇದು ಹೇಳಿಮಾಡಿಸಿದ್ದು. ಫ್ರೇಮ್ ನೋಡಲು ಸಾಕು, ಫೋಕಸ್ ನೋಡಲು ಸಾಲದು. ಇದಕ್ಕೆ 12 ವೋಲ್ಟ್ ಬೇಕು: ಯುಪಿಎಸ್‌ನ ಒಳಗೆ ಇರುವಂಥ 7 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಟ್ರೈಪಾಡ್ ಬುಡದಲ್ಲಿಟ್ಟರೆ ಗಾಳಿಗೆ ಟ್ರೈಪಾಡ್ ಅಲುಗುವುದೂ ತಪ್ಪುತ್ತದೆ. 84 ವಾಟ್-ಅವರ್‌ನಲ್ಲಿ ಅರ್ಧವನ್ನಷ್ಟೇ ಬಳಸಿ, ಪೂರ್ತಿ ಹಿಂಡಿದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಪ್ಲಸ್ ವೈರ್‌ಗೆ ಬ್ಯಾಟರಿಯ ಹತ್ತಿರವೇ ಎರಡು ಆಂಪಿಯರ್‌ನ ಫ್ಯೂಸ್ ಹಾಕಿಸಿ. ಪಿನ್ನಿನ ನಡುವಿನದ್ದು ಪ್ಲಸ್ಸೋ ಮೈನಸ್ಸೋ ಎಂದು ಮಲ್ಟಿಮೀಟರ್‌ನಲ್ಲಿ ನೋಡಿಯೇ ಚುಚ್ಚಿ. ಈ ಬ್ಯಾಟರಿಗೆ ಇನ್ವರ್ಟರ್ ಸಿಕ್ಕಿಸಿ 230 ಮಾಡಿ, ಮತ್ತೆ ಅಡಾಪ್ಟರ್‌ನಿಂದ 12ಕ್ಕೆ ಇಳಿಸುವ ಮಹಾನುಭಾವರೂ ಇದ್ದಾರೆ. ಏರಿಸಲು ಒಮ್ಮೆ, ಇಳಿಸಲು ಒಮ್ಮೆ ದಂಡ ತೆತ್ತ ಹಾಗೆ.

ಮೊಬೈಲನ್ನೇ ಮಾನಿಟರ್ ಮಾಡುವ ಎಚ್‌ಡಿಎಂಐ ಕ್ಯಾಪ್ಚರ್ ಕಡ್ಡಿಯೂ ಬಂದಿದೆ. ಬೆಲೆ ಬಹಳ ಕಡಿಮೆ. ಚಿತ್ರ ತಡವಾಗಿ ಬರುತ್ತದೆ ಎಂಬುದೇ ಅದರ ದೋಷ. ಪುಂಡುವೇಷ ಧಿಗಿಣ ಹಾಕುತ್ತ ರಂಗದ ಆ ಬದಿಗೆ ಹೋಗಿ ಮುಗಿದಾಗ ನಿಮ್ಮ ಕೈ ಇನ್ನೂ ಈ ಬದಿಯಲ್ಲೇ ಇರುತ್ತದೆ. ಮೊಬೈಲಿನ ಚಾರ್ಜೂ ಹೋಗುತ್ತದೆ. ಕದಲದ ಭಾಷಣ, ಉಪನ್ಯಾಸಕ್ಕೆ ಅಡ್ಡಿಯಿಲ್ಲ.

ಜೋಡಿಸುವಾಗ ಮಾನಿಟರನ್ನು ಕ್ಯಾಮೆರಾದ ತಲೆಯ ಮೇಲೆಯೇ ಕೂರಿಸಬೇಕೆಂದಿಲ್ಲ. ಟ್ರೈಪಾಡ್‌ಗೆ ಒಂದು ಕ್ಲ್ಯಾಂಪ್ ಕಚ್ಚಿಸಿ ಬಾಲ್‌ಹೆಡ್ ಹಾಕಿದರೆ ಎದೆಮಟ್ಟಕ್ಕೆ ಬರುತ್ತದೆ. ಎಲ್ಲ ಸಿಕ್ಕಿಸಿದ ಮೇಲೆಯೇ ಸ್ವಿಚ್ ಹಾಕಿ. ಚಿತ್ರ ಬರದಿದ್ದರೆ ಮಾನಿಟರನ್ನು ಬೈಯುವ ಮೊದಲು ಕ್ಯಾಮೆರಾದ ಮೆನುವಿನಲ್ಲಿ ಎಚ್‌ಡಿಎಂಐ ರೆಸಲ್ಯೂಶನ್ ಬದಲಿಸಿ ನೋಡಿ.

ರಾತ್ರಿಯ ಆಟಕ್ಕೆ ಬ್ರೈಟ್‌ನೆಸ್ ಮೂವತ್ತಕ್ಕೆ ಇಳಿಸಿ. ಹಿಂದೆ ಕೂತವರ ಕಣ್ಣಿಗೆ ಹೊಡೆಯುವುದು ತಪ್ಪುತ್ತದೆ, ಕರೆಂಟ್ ತಿನ್ನುವುದು ಮುಖ್ಯವಾಗಿ ಪರದೆಯ ಹಿಂದಿನ ದೀಪವಾದ್ದರಿಂದ ಬ್ಯಾಟರಿಯೂ ಉಳಿಯುತ್ತದೆ. ಇನ್ನೂ ದೊಡ್ಡ ಕಾರಣ ಬೇರೆಯಿದೆ. ಕತ್ತಲಲ್ಲಿ ಝಗಮಗಿಸುವ ಪರದೆ ನೋಡಿದ ಕಣ್ಣು ಬೆಳಕು ಹೆಚ್ಚಾಯಿತೆಂದು ಕ್ಯಾಮೆರಾದ ಐರಿಸ್ ಮುಚ್ಚಿಸುತ್ತದೆ. ಬೆಳಿಗ್ಗೆ ನೋಡಿದರೆ ಇಡೀ ಪ್ರಸಂಗ ಮಬ್ಬು. ಅದಕ್ಕೇ ಬೆಳಕನ್ನು ಕಣ್ಣಿನಿಂದಲ್ಲ, ಬೆಳಕು ಮಿತಿ ಮೀರಿದ ಕಡೆ ಪರದೆಯಲ್ಲಿ ಮೂಡುವ ಜೀಬ್ರಾ ಪಟ್ಟೆಯಿಂದ ಅಳೆಯುವುದು. ಯಕ್ಷಗಾನದಲ್ಲಿ ಜೀಬ್ರಾವೂ ಪೂರ್ತಿ ಸತ್ಯ ಹೇಳುವುದಿಲ್ಲ. ಅದು ನೋಡುವುದು ಒಟ್ಟು ಬೆಳಕನ್ನು, ಅದರಲ್ಲಿ ಕೆಂಪಿನ ಪಾಲು ಐದರಲ್ಲೊಂದರಷ್ಟೇ. ವೇಷದ ಕೆಂಪು ಉಕ್ಕಿ ನೆರಿಗೆಗಳೆಲ್ಲ ಅಳಿಸಿಹೋದರೂ ಪಟ್ಟೆ ಮೂಡುವುದಿಲ್ಲ. ಕೆಂಪು ವೇಷ ರಂಗಕ್ಕೆ ಬಂದಾಗ ನಾನು ಐರಿಸನ್ನು ಅರ್ಧ ಸ್ಟಾಪ್ ಇಳಿಸಿಯೇ ಇರುತ್ತೇನೆ.

ಮಾನಿಟರ್‌ನ ಬ್ಯಾಟರಿ ಮುಗಿದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ, ಕ್ಯಾಮೆರಾದ ಬ್ಯಾಟರಿ ಬೇರೆಯೇ ಇದೆಯಲ್ಲ. ಲೈವ್ ಮಾಡುವವರು ಮಾತ್ರ ಜಾಗ್ರತೆ. ಮಾನಿಟರ್‌ನ ಲೂಪ್ ಔಟ್‌ನಿಂದ ಲೈವ್ ಪೆಟ್ಟಿಗೆಗೆ ವೈರ್ ಕೊಟ್ಟಿದ್ದರೆ, ಎಷ್ಟೋ ಮಾನಿಟರ್‌ಗಳಲ್ಲಿ ಪರದೆ ಆರಿದ ಕ್ಷಣ ಆ ದಾರಿಯೂ ಮುಚ್ಚುತ್ತದೆ. ನೀವು ಕತ್ತಲಲ್ಲಿ ಇನ್ನೊಂದು 970ಕ್ಕೆ ಚೀಲ ತಡಕುವುದರೊಳಗೆ ಮುಂಬೈಯಿಂದ, ದುಬೈಯಿಂದ ಫೋನು ಶುರು: "ಹ್ವಾಯ್, ಆಟ ನಿಂತ್ತಾ?"