ಸವಾರಿಯ ಎರಡನೆಯ ಪಾಠ

1976 ಮತ್ತು 1977ರಲ್ಲಿ ಲಾಸ್ ಏಂಜಲಿಸ್ ಮಹಾನಗರದ ಬೀದಿಗಳಲ್ಲಿ ಮೋಟಾರ್ ಸೈಕಲ್ ಅಪಘಾತವೊಂದು ಸಂಭವಿಸಿತೆಂದರೆ, ಪೊಲೀಸರೂ ಆಂಬುಲೆನ್ಸಿನವರೂ ಬಂದ ಜಾಗಕ್ಕೆ ಅನೇಕ ವೇಳೆ ಇನ್ನೊಂದು ತಂಡವೂ ಬಂದು ಸೇರುತ್ತಿತ್ತು. ಟಾರಿನ ಮೇಲೆ ಚಕ್ರ ಉಜ್ಜಿದ ಗುರುತನ್ನು ಟೇಪು ಹಿಡಿದು ಅಳೆಯುವುದು, ಬಗ್ಗಿದ ಫೋರ್ಕನ್ನೂ ಒಡೆದ ಹೆಲ್ಮೆಟ್ಟನ್ನೂ ಪರೀಕ್ಷಿಸುವುದು, ಬದುಕಿ ಉಳಿದ ಸವಾರನನ್ನೂ ಕಣ್ಣಾರೆ ಕಂಡವರನ್ನೂ ವಿಚಾರಿಸುವುದು ಇವರ ಕೆಲಸವಾಗಿತ್ತು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹ್ಯಾರಿ ಹರ್ಟ್ ಎಂಬವರು ಈ ತಂಡದ ಮುಖ್ಯಸ್ಥರು. ಸ್ವತಃ ಮೋಟಾರ್ ಸೈಕಲ್ ಸವಾರರು. 900ಕ್ಕೂ ಮೇಲ್ಪಟ್ಟ ಅಪಘಾತಗಳನ್ನು ಹೀಗೆ ಸ್ಥಳದಲ್ಲಿಯೇ ಶೋಧಿಸಿ, ಅವುಗಳ ಜೊತೆಗೆ 3,600 ಪೊಲೀಸ್ ವರದಿಗಳನ್ನು ತಾಳೆನೋಡಿ, 1981ರಲ್ಲಿ ಅವರು ಪ್ರಕಟಿಸಿದ ವರದಿಯು ಇಂದಿಗೂ ಈ ವಿಷಯದಲ್ಲಿ ಎಲ್ಲರೂ ಮೊದಲು ತೆರೆಯುವ ಗ್ರಂಥವಾಗಿದೆ.

ಅದರಲ್ಲಿ ಕಂಡುಬಂದ ಸಂಗತಿಗಳು ಜನರ ಊಹೆಗೆ ವಿರುದ್ಧವಾಗಿದ್ದುವು. ಮೋಟಾರ್ ಸೈಕಲ್ ಎಂದೊಡನೆ ಅತಿವೇಗವನ್ನೇ ನೆನೆಯುವುದು ಲೋಕರೂಢಿಯಷ್ಟೆ. ಆದರೆ ಈ ಅಪಘಾತಗಳಲ್ಲಿ ಡಿಕ್ಕಿಗೆ ಮುಂಚಿನ ಮಧ್ಯಮ ವೇಗವು ಗಂಟೆಗೆ ಸುಮಾರು 48 ಕಿಲೋಮೀಟರು ಮಾತ್ರ. ಮುಕ್ಕಾಲು ಪಾಲು ಅಪಘಾತಗಳು ಇನ್ನೊಂದು ವಾಹನಕ್ಕೆ, ಬಹುಮಟ್ಟಿಗೆ ಕಾರಿಗೆ, ತಗುಲಿ ಆದಂಥವು. ಅಂಥವುಗಳಲ್ಲಿ ಮೂರರಲ್ಲಿ ಎರಡು ಪಾಲು ಕಾರಿನವನು ದಾರಿ ಬಿಡದೆ ಅಡ್ಡಬಂದದ್ದರ ಫಲ. ರಸ್ತೆಯ ಬಲಪಕ್ಕದಲ್ಲಿ ಚಲಿಸುವ ಆ ದೇಶದಲ್ಲಿ, ಎದುರಿನಿಂದ ಬಂದ ಕಾರು ಚೌಕದಲ್ಲಿ ಎಡಕ್ಕೆ ತಿರುಗಿ ಸವಾರನ ಹಾದಿಗೆ ಅಡ್ಡಲಾಗುವುದು ಅದರ ಸಾಮಾನ್ಯ ರೂಪ. ಅಪಾಯವು ಕಣ್ಣಿಗೆ ಬಿದ್ದ ಕ್ಷಣದಿಂದ ಡಿಕ್ಕಿಯವರೆಗೆ ಸವಾರನಿಗೆ ದೊರೆಯುವ ಅವಧಿ ಎರಡು ಸೆಕೆಂಡಿಗೂ ಕಡಿಮೆ. ಆ ಅಲ್ಪ ಅವಧಿಯಲ್ಲಿ ಬಹುತೇಕ ಸವಾರರು ಮಾಡಿದ್ದೇನೆಂದರೆ, ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಚಕ್ರವನ್ನು ಜಾರಿಸಿದರು. ನಿಜವಾಗಿ ನಿಲ್ಲಿಸುವ ಶಕ್ತಿಯುಳ್ಳ ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿಯಲಿಲ್ಲ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಕೌಶಲವಂತೂ ಅವರಲ್ಲಿ ಇಲ್ಲವೆಂಬಷ್ಟು ವಿರಳವಾಗಿತ್ತು. ಅವರಲ್ಲಿ ಶೇಕಡ 92 ಮಂದಿ ಯಾವ ಶಿಕ್ಷಣವನ್ನೂ ಪಡೆದವರಲ್ಲ. ತಾವೇ ಕಲಿತವರು, ಇಲ್ಲವೆ ಅಣ್ಣತಮ್ಮಂದಿರಿಂದಲೋ ಗೆಳೆಯರಿಂದಲೋ ಕಲಿತವರು.

ಈ ಕೊನೆಯ ಅಂಶವನ್ನು ಓದಿದಾಗ ನಮ್ಮ ನಾಡಿನವರು ನಗುವಂತಿಲ್ಲ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ ಊರೂರಿಗೆ ಹಬ್ಬಿದ ಮೋಟಾರ್ ಸೈಕಲ್ಲುಗಳ ಮೇಲೆ ಎಷ್ಟು ಮಂದಿ ಸವಾರಿ ಕಲಿತರೋ ಅಷ್ಟೂ ಮಂದಿಯ ಗುರುಗಳು ಅಣ್ಣಂದಿರು ಮತ್ತು ಸೋದರಮಾವಂದಿರು. ಬಾವಿಗೆ ದೂಡಿ ಈಜು ಕಲಿಸುವಂತೆ, ಶಾಲೆಯ ಮೈದಾನದಲ್ಲಿ ಕ್ಲಚ್ಚು ಬಿಡಿಸಿ ಕೈಬಿಟ್ಟರೆ ಅವರ ಪಾಠ ಮುಗಿಯಿತು.

ಅಮೆರಿಕದಲ್ಲಿ ಈ ಕೊರತೆಯನ್ನು ನೀಗಿಸುವ ಪ್ರಯತ್ನವು ಹರ್ಟ್ ಅವರ ವರದಿಗಿಂತ ಮೊದಲೇ ಆರಂಭವಾಗಿದ್ದಿತು. ಮೋಟಾರ್ ಸೈಕಲ್ ತಯಾರಕರು ಸೇರಿ 1973ರಲ್ಲಿ ಸ್ಥಾಪಿಸಿದ ಮೋಟಾರ್ ಸೈಕಲ್ ಸೇಫ್ಟಿ ಫೌಂಡೇಷನ್ನಿನ ಕಚೇರಿಯು ಲಾಸ್ ಏಂಜಲಿಸಿಗೂ ಸ್ಯಾನ್ ಡಿಯೇಗೋವಿಗೂ ನಡುವಣ ಅರ್ವೈನ್ ಪಟ್ಟಣದಲ್ಲಿದೆ. ಕ್ಯಾಲಿಫೋರ್ನಿಯ ಸಂಸ್ಥಾನವು 1987ರಲ್ಲಿ ತನ್ನ ಹೆದ್ದಾರಿ ಪೊಲೀಸರ ಉಸ್ತುವಾರಿಯಲ್ಲಿ ಸವಾರರ ಶಿಕ್ಷಣ ಯೋಜನೆಯೊಂದನ್ನು ಜಾರಿಗೆ ತಂದಿತು; 21 ವರ್ಷ ತುಂಬದವರಿಗೆ ಈ ತರಬೇತಿ ಇಲ್ಲದೆ ಲೈಸೆನ್ಸು ದೊರೆಯದು. ಆದರೆ ಅದು ಮೊದಲನೆಯ ಪಾಠ. ಲೈಸೆನ್ಸು ಪಡೆದು ಹತ್ತಿಪ್ಪತ್ತು ವರ್ಷ ಸವಾರಿ ಮಾಡಿ, ತನಗೆ ತಿಳಿಯದ್ದು ಇನ್ನೇನೂ ಇಲ್ಲವೆಂದು ಭಾವಿಸಿದವನಿಗೆ ಹೇಳತಕ್ಕ ಎರಡನೆಯ ಪಾಠವೊಂದಿದೆ. ಅದಕ್ಕೆ ಕಾನೂನಿನ ಒತ್ತಾಯವಿಲ್ಲ. ಅಂಥವನನ್ನು ಮತ್ತೆ ವಿದ್ಯಾರ್ಥಿಯನ್ನಾಗಿಸುವ ಕಾರ್ಯವನ್ನು ಬಹುಮಟ್ಟಿಗೆ ಊರಿನ ಸವಾರರ ಸಂಘಗಳೇ ವಹಿಸಿಕೊಂಡಿವೆ. ಸದಸ್ಯರೊಳಗೇ ಹತ್ತು ಹನ್ನೆರಡು ಮಂದಿಯನ್ನು ಕೂಡಿಸಿ, ಒಬ್ಬ ಶಿಕ್ಷಕನನ್ನು ಗೊತ್ತುಮಾಡಿ, ರಜಾದಿನದಲ್ಲಿ ಖಾಲಿ ಬಿದ್ದಿರುವ ಪಾರ್ಕಿಂಗ್ ಬಯಲೊಂದನ್ನು ಹಿಡಿದರೆ ಶಾಲೆ ಸಿದ್ಧವಾಯಿತು. ಪ್ರತಿಯೊಬ್ಬನೂ ತನ್ನ ಸ್ವಂತ ಗಾಡಿಯನ್ನೇ ತರತಕ್ಕದ್ದು. ಏಕೆಂದರೆ ತಿದ್ದಬೇಕಾದ ಅಭ್ಯಾಸಗಳು ಮೂಡಿರುವುದು ಅದರ ಮೇಲೆಯೇ.

ಅಲ್ಲಿ ನಡೆಯುವುದನ್ನು ತುಸು ಹತ್ತಿರದಿಂದ ನೋಡಬೇಕು. ಸವಾರನು ನಿಗದಿಯಾದ ವೇಗದಲ್ಲಿ ಬಂದು, ನೆಲದ ಮೇಲಿಟ್ಟ ಕಿತ್ತಳೆ ಬಣ್ಣದ ಶಂಕುಗಳ ನಡುವೆ ಸಾಧ್ಯವಾದಷ್ಟು ಬೇಗ ನಿಲ್ಲಬೇಕು. ಮುಂದಿನ ಬ್ರೇಕನ್ನು ಒಮ್ಮೆಲೇ ಕಿತ್ತು ಹಿಡಿದರೆ ಚಕ್ರವು ಕಟ್ಟಿಕೊಂಡು ಗಾಡಿ ಉರುಳುತ್ತದೆ. ಹೆದರಿ ಹಿಡಿಯದೆ ಬಿಟ್ಟರೆ ನಿಲ್ಲುವುದಿಲ್ಲ. ಮೊದಲು ಮೃದುವಾಗಿ ಒತ್ತಿದಾಗ ಭಾರವು ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಟಯರು ನೆಲವನ್ನು ಕಚ್ಚುತ್ತದೆ; ಆ ಮೇಲೆ ಹಿಡಿತವನ್ನು ಏರಿಸುತ್ತ ಹೋದಂತೆ, ಗಾಡಿಯನ್ನು ನಿಲ್ಲಿಸುವ ಶಕ್ತಿಯಲ್ಲಿ ಶೇಕಡ 70ರಷ್ಟು ಭಾಗ ಆ ಒಂದು ಚಕ್ರದಿಂದಲೇ ಒದಗುತ್ತದೆ. ಇದನ್ನು ಬಾಯಲ್ಲಿ ಹೇಳಬಲ್ಲ ಹಳೆಯ ಸವಾರನೇ, ಶಿಕ್ಷಕನು ಕೈಯೆತ್ತಿದೊಡನೆ, ಬಲಗಾಲಿನಿಂದ ಹಿಂದಿನ ಬ್ರೇಕನ್ನು ತುಳಿದು ಕೀಚೆನ್ನಿಸುತ್ತಾನೆ. ವರ್ಷಗಳ ಅನುಭವವು ಒಮ್ಮೊಮ್ಮೆ ಒಂದೇ ತಪ್ಪಿನ ವರ್ಷಗಳ ಪುನರಾವೃತ್ತಿಯಾಗಿರುವುದುಂಟು.

ಇನ್ನೊಂದು ಪಾಠ ಇದಕ್ಕಿಂತಲೂ ವಿಚಿತ್ರವಾದುದು. ಓಡುತ್ತಿರುವ ಗಾಡಿಯನ್ನು ಬಲಕ್ಕೆ ಹೊರಳಿಸಬೇಕಾದರೆ ಹ್ಯಾಂಡಲ್ಲಿನ ಬಲತುದಿಯನ್ನು ಮುಂದಕ್ಕೆ ಒತ್ತಬೇಕು. ಚಕ್ರವು ಕ್ಷಣಮಾತ್ರ ಎಡಕ್ಕೆ ತಿರುಗಿ, ಗಾಡಿಯು ಬಲಕ್ಕೆ ವಾಲಿ, ಬಲಕ್ಕೇ ಸಾಗುತ್ತದೆ. ವಿಮಾನವನ್ನು ನಿರ್ಮಿಸಿದ ಸೋದರರಲ್ಲೊಬ್ಬರಾದ ವಿಲ್ಬರ್ ರೈಟ್ ಅವರು, ಬೈಸಿಕಲ್ ವ್ಯಾಪಾರಿಯೂ ಆಗಿದ್ದುದರಿಂದ, ಸೈಕಲ್ಲಿನಲ್ಲಿ ಇದನ್ನು ಗಮನಿಸಿ ವಿವರಿಸಿದ್ದಾರೆ. ಸೈಕಲ್ ತುಳಿಯುವ ಹುಡುಗರೆಲ್ಲರೂ ಅರಿಯದೆಯೇ ಇದನ್ನು ಮಾಡುತ್ತಾರೆ. ಆದರೆ ಅರಿಯದೆ ಮಾಡುವ ಕೆಲಸವು ಭಯದ ವೇಳೆ ಕೈಕೊಡುತ್ತದೆ. ಕಾರು ಅಡ್ಡಬಂದಾಗ ಅದರಿಂದ ದೂರಕ್ಕೆ ಎಳೆದುಕೊಳ್ಳಲೆತ್ನಿಸಿದವನು ಅದರತ್ತಲೇ ವಾಲಿಹೋಗುತ್ತಾನೆ. ಮೈಯನ್ನು ಬಾಗಿಸಿಯೇ ಗಾಡಿಯನ್ನು ತಿರುಗಿಸುವೆನೆಂದು ವಾದಿಸುವವರಿಗಾಗಿ, 1980ರಲ್ಲಿ ಕ್ಯಾಲಿಫೋರ್ನಿಯ ಸೂಪರ್‌ಬೈಕ್ ಸ್ಕೂಲನ್ನು ಸ್ಥಾಪಿಸಿದ ಕೀತ್ ಕೋಡ್ ಅವರು ಒಂದು ಸೊಗಸಾದ ಯಂತ್ರವನ್ನು ಮಾಡಿಸಿದರು. ಅದಕ್ಕೆ ಎರಡು ಜೊತೆ ಹಿಡಿಗಳು. ಒಂದು ಎಂದಿನಂತೆ ಚಕ್ರಕ್ಕೆ ಸೇರಿದ್ದು, ಇನ್ನೊಂದು ಚೌಕಟ್ಟಿಗೇ ಬಿಗಿದು ಅಲುಗಾಡದಂತೆ ಮಾಡಿದ್ದು. ಎರಡನೆಯದನ್ನು ಹಿಡಿದು ಎಷ್ಟು ಹೊರಳಾಡಿದರೂ ಗಾಡಿಯು ತುಸು ತೊನೆಯುತ್ತದೆಯೇ ಹೊರತು ಬೇಕಾದಂತೆ ತಿರುಗುವುದಿಲ್ಲ. ವಾದವನ್ನು ಹೀಗೆ ಕಬ್ಬಿಣದಲ್ಲಿ ಮುಗಿಸುವುದು ನನಗಂತೂ ಬಹಳ ಮೆಚ್ಚಿಕೆಯಾಯಿತು.

ಬಯಲಿನ ಪಾಠ ಬೆಟ್ಟದಲ್ಲಿ ಪರೀಕ್ಷೆಗೊಳಗಾಗುತ್ತದೆ. ಲಾಸ್ ಏಂಜಲಿಸಿನ ಉತ್ತರಕ್ಕೆ ಏಂಜಲಿಸ್ ಕ್ರೆಸ್ಟ್ ಹೆದ್ದಾರಿ, ಪಶ್ಚಿಮಕ್ಕೆ ಮುಲ್ಹಾಲೆಂಡ್, ಸ್ಯಾನ್ ಡಿಯೇಗೋ ಜಿಲ್ಲೆಯಲ್ಲಿ ಪಲೋಮಾರ್ ಬೆಟ್ಟದ ದಾರಿ ಇವು ಸವಾರರಿಗೆ ತೀರ್ಥಸ್ಥಾನಗಳೇ ಸರಿ. ಪಲೋಮಾರಿನ ಖಗೋಳ ವೀಕ್ಷಣಾಲಯದ 200 ಅಂಗುಲದ ಮಹಾದರ್ಪಣವನ್ನು 1947ರಲ್ಲಿ ಅತಿನಿಧಾನವಾಗಿ ಮೇಲಕ್ಕೊಯ್ದ ಬೆಟ್ಟದಲ್ಲಿ ಇಂದು ತರುಣರು ಮೊಣಕಾಲು ನೆಲಕ್ಕೆ ಸೋಕುವಂತೆ ವಾಲಿ ಹೋಗುತ್ತಾರೆ, ಕೆಲವರು ಹಿಂದಿರುಗುವುದಿಲ್ಲ. ಈ ಹುಚ್ಚಿಗೆ ಪ್ರತಿಯಾಗಿ ನಿಕ್ ಐನಾಟ್ಷ್ ಎಂಬ ಪತ್ರಿಕಾ ಬರಹಗಾರರು 1991ರಲ್ಲಿ ಒಂದು ಲೇಖನ ಬರೆದರು. ನೇರ ದಾರಿಯಲ್ಲಿ ಸಾವಧಾನ, ತಿರುವಿಗೆ ಮುಂಚೆಯೇ ವೇಗವನ್ನು ಇಳಿಸುವುದು, ತನ್ನ ಪಥದ ಗೆರೆಯನ್ನು ಎಂದಿಗೂ ದಾಟದಿರುವುದು, ಮುಂದಿನವನನ್ನು ಬೆನ್ನಟ್ಟದಿರುವುದು, ಇಷ್ಟೇ ಅದರ ತಾತ್ಪರ್ಯ. ಅನೇಕ ಸಂಘಗಳ ಸಾಮೂಹಿಕ ಸವಾರಿಗೆ ಅದೇ ಇಂದು ನಿಯಮಾವಳಿಯಂತಿದೆ.

ನಗರದ ಹೆದ್ದಾರಿಗಳಲ್ಲಿ ಮತ್ತೊಂದು ವಿದ್ಯೆ ಬೇಕು. ನಿಂತ ಇಲ್ಲವೆ ಚಲಿಸುತ್ತಿರುವ ಕಾರುಗಳ ಎರಡು ಸಾಲುಗಳ ನಡುವೆ ನುಸುಳಿಹೋಗುವುದನ್ನು, ನಮ್ಮಲ್ಲಿ ಅದೇ ಸಹಜಧರ್ಮವಾಗಿದ್ದರೂ, ಅಮೆರಿಕದ ಬಹುತೇಕ ಸಂಸ್ಥಾನಗಳು ಒಪ್ಪುವುದಿಲ್ಲ; ಕ್ಯಾಲಿಫೋರ್ನಿಯವಾದರೋ 2016ರಲ್ಲಿ ಶಾಸನ ಮಾಡಿ, 2017ರ ಜನವರಿಯಿಂದ ಅದಕ್ಕೆ ಕಾನೂನಿನ ಮನ್ನಣೆ ಕೊಟ್ಟಿತು. ಬರ್ಕ್ಲಿಯ ವಿಶ್ವವಿದ್ಯಾನಿಲಯದ ಅಧ್ಯಯನವೊಂದರ ಪ್ರಕಾರ, ಸಂಚಾರದ ವೇಗ ಗಂಟೆಗೆ 80 ಕಿಲೋಮೀಟರು ಮೀರದಿದ್ದು, ಸವಾರನು ಅದಕ್ಕಿಂತ 24 ಕಿಲೋಮೀಟರಿಗೆ ಮಿಗಿಲಾದ ವೇಗದಲ್ಲಿ ಹೋಗದಿದ್ದರೆ ಅಪಾಯವು ಪರಿಮಿತವಾಗಿರುತ್ತದೆ.

ಇಷ್ಟೆಲ್ಲ ಕಲಿತರೆ ಅಪಘಾತ ತಪ್ಪುವುದೇ ಎಂದು ಕೇಳಿದರೆ, ಶಿಕ್ಷಣದಿಂದ ಅಪಘಾತಗಳು ಇಂತಿಷ್ಟು ಇಳಿದುವೆಂದು ನಿಸ್ಸಂಶಯವಾಗಿ ತೋರಿಸಲು ಸಂಶೋಧಕರಿಗೆ ಈವರೆಗೆ ಸಾಧ್ಯವಾಗಿಲ್ಲ. ಒಂದು ದಿನದಲ್ಲಿ ಕಲಿತದ್ದು ಒಂದು ಋತುವಿನಲ್ಲಿ ಮರೆತುಹೋಗುವುದು ಅದಕ್ಕೊಂದು ಕಾರಣವಿರಬಹುದೆಂದು ನನ್ನ ಅಭಿಪ್ರಾಯ. ಹಾಗಿದ್ದಲ್ಲಿ ಶಾಲೆಗಿಂತ ಸಂಘವೇ ಮೇಲು. ಶಾಲೆಯ ಶಿಕ್ಷಕನು ಸಂಜೆಗೆ ಪ್ರಮಾಣಪತ್ರ ಕೊಟ್ಟು ಹೊರಟುಹೋಗುತ್ತಾನೆ. ಸಂಘದ ಹಿರಿಯನಾದರೋ ಮುಂದಿನ ಭಾನುವಾರವೂ ಹಿಂದಿನಿಂದ ಬರುತ್ತಾನೆ, ಬೆಟ್ಟದ ಮೇಲಿನ ಹೋಟೆಲಿನಲ್ಲಿ ಕಾಫಿಗೆ ಕುಳಿತಾಗ, ಮೂರನೆಯ ತಿರುವಿನಲ್ಲಿ ನೀನು ರಸ್ತೆ ಬಿಟ್ಟು ಕಂದಕವನ್ನೇ ನೋಡುತ್ತಿದ್ದೆಯಲ್ಲ ಎಂದು ಎಲ್ಲರೆದುರಿಗೆ ಕೇಳುತ್ತಾನೆ, ಮತ್ತು ಇಳಿಯುವಾಗ ಅದೇ ತಿರುವನ್ನು ಇನ್ನೊಮ್ಮೆ ತೆಗೆದುಕೊಳ್ಳಲು ಹೇಳುತ್ತಾನೆ.